ಮೊದಲ ಹಾಲಿನ ಹಕ್ಕು

ಖಲೀಫಾ ಉಮರ್(ರ) ಅವರ ಆಡಳಿತಕಾಲ. ವರ್ತಕರ ತಂಡವೊಂದು ಹೆಂಗಸರು ಮಕ್ಕಳೊಂದಿಗೆ ಮದೀನಾಕ್ಕೆ ಬಂದು, ಈದ್ ನಮಾಝ್ ನಡೆಯುವ ಬಯಲಿನಲ್ಲಿ ಬೀಡುಬಿಟ್ಟಿತ್ತು. ಕಳ್ಳಕಾಕರ ಭಯವಿದ್ದುದರಿಂದ ಆ ರಾತ್ರಿ ಕಾವಲಿಗೆ ಸ್ವತಃ ಖಲೀಫರೇ ಹೊರಟರು. ಜೊತೆಗೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಇದ್ದರು. ಇಬ್ಬರೂ ನಮಾಝ್ ಮಾಡುತ್ತ ಎಚ್ಚರದಿಂದಿದ್ದಾಗ ಬಿಡಾರವೊಂದರಿಂದ ಮಗುವಿನ ಅಳು ಕೇಳಿಸಿತು. ಉಮರ್(ರ) ಅತ್ತ ನಡೆದು, ಅಲ್ಲಾಹನನ್ನು ಭಯಪಟ್ಟು ಮಗುವನ್ನು ಚೆನ್ನಾಗಿ ನೋಡಿಕೊಳ್ಳುವಂತೆ ತಾಯಿಗೆ ಹೇಳಿ ಮರಳಿದರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅದೇ ಅಳು. ಮತ್ತೆ ಹೋಗಿ ಹೇಳಿದರು. ರಾತ್ರಿಯ ಕೊನೆಯ ಜಾವದಲ್ಲಿ ಮೂರನೆಯ ಬಾರಿ ಅಳು ಕೇಳಿದಾಗ ತಾಳ್ಮೆಗೆಟ್ಟು, ಇವಳೆಂತಹ ತಾಯಿ, ರಾತ್ರಿಯಿಡೀ ಈ ಮಗುವಿಗೆ ನೆಮ್ಮದಿಯಿಲ್ಲವಲ್ಲ ಎಂದು ಗದರಿದರು.

ಎದುರಿಗಿರುವವರು ಯಾರೆಂದು ಆಕೆಗೆ ತಿಳಿದಿರಲಿಲ್ಲ. ತಾನು ಮಗುವಿಗೆ ಹಾಲು ಬಿಡಿಸಲು ಹೆಣಗುತ್ತಿದ್ದೇನೆ, ಅದು ಒಪ್ಪುತ್ತಿಲ್ಲ ಎಂದು ಆಕೆ ಬೇಸತ್ತು ಉತ್ತರಿಸಿದಳು. ಯಾಕೆ ಎಂಬ ಪ್ರಶ್ನೆಗೆ ಆಕೆಯ ಬಳಿ ಸಿದ್ಧವಾದ ಉತ್ತರವಿತ್ತು: ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ. ಮಗುವಿನ ವಯಸ್ಸೆಷ್ಟು ಎಂದು ಕೇಳಿದಾಗ ಅದು ಇನ್ನೂ ಕೆಲವೇ ತಿಂಗಳುಗಳ ಕೂಸೆಂದು ತಿಳಿಯಿತು.

ಆ ದಿನ ಉಮರ್(ರ) ಫಜ್ರ್ ನಮಾಝಿಗೆ ಇಮಾಮರಾಗಿ ನಿಂತಾಗ, ಅಳುವಿನಿಂದಾಗಿ ಅವರ ಪಾರಾಯಣ ಹಿಂದೆ ನಿಂತವರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ತಾನು ಮುಸ್ಲಿಮರ ಎಷ್ಟು ಮಕ್ಕಳನ್ನು ಕೊಂದುಬಿಟ್ಟೆನೋ ಎಂದು ಅವರು ತಮ್ಮನ್ನೇ ಹಳಿದುಕೊಂಡರು. ಬಳಿಕ, ಹಾಲು ಬಿಡಿಸಲು ಯಾರೂ ಆತುರಪಡಬಾರದು, ಇನ್ನು ಮುಂದೆ ಹುಟ್ಟಿದ ಪ್ರತಿಯೊಂದು ಮಗುವಿಗೂ ಭತ್ಯೆಯಿದೆ ಎಂದು ಡಂಗುರ ಸಾರಿಸಿದರು. ಇದೇ ಆಜ್ಞೆಯನ್ನು ಬರೆದು ಎಲ್ಲ ಪ್ರಾಂತಗಳಿಗೂ ಕಳುಹಿಸಿದರು. ಈ ಘಟನೆಯನ್ನು ಇಬ್ನು ಸಅದ್ ತಮ್ಮ 'ತಬಕಾತ್' ಗ್ರಂಥದಲ್ಲಿ ದಾಖಲಿಸಿದ್ದಾರೆ. ಕೂಸಿಗೆ 100 ದಿರ್ಹಮ್, ಅದು ಬೆಳೆದು ದೊಡ್ಡದಾದಂತೆ 200 ದಿರ್ಹಮ್ ಎಂಬ ವಿವರವೂ ವರದಿಗಳಲ್ಲಿ ಬರುತ್ತದೆ.

ಖಲೀಫಾ ಉಮರ್(ರ) ಅವರ ನ್ಯಾಯಪಾಲನೆಗೆ ನಿದರ್ಶನವಾಗಿ ನಮ್ಮ ಪ್ರವಚನಗಳಲ್ಲಿ ಈ ಕಥೆ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಇದರ ಕೇಂದ್ರದಲ್ಲಿರುವ ಮಗುವಿನ ಕುರಿತು ಯಾರೂ ಹೆಚ್ಚು ಮಾತನಾಡುವುದಿಲ್ಲ. ಭತ್ಯೆಯ ನಿಯಮ ಮಾಡಿದವರ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ಹಾಲು ಕುಡಿಯುವ ಮಗುವಿಗೆ ಪ್ರತ್ಯೇಕ ಆಹಾರದ ಖರ್ಚಿಲ್ಲ, ಅನ್ನ ತಿನ್ನಲಾರಂಭಿಸಿದ ಮೇಲೆ ಖರ್ಚಿದೆ ಎಂಬುದು ಲೆಕ್ಕ ಬರೆಯುವವರ ಸರಳ ತರ್ಕ. ಆ ತರ್ಕ ಬಡ ತಾಯಿಯ ಮನೆಗೆ ಬಂದಾಗ ಮಗುವಿನ ಬಾಯಿಂದ ಹಾಲು ಕಸಿಯಿತು. ಉಮರ್(ರ) ಅದನ್ನು ಕೊಲೆಯೆಂದೇ ಕರೆದರು. ಅಕಾಲದಲ್ಲಿ ಹಾಲು ಬಿಡಿಸಿದ ಮಕ್ಕಳು ಬದುಕುಳಿಯುವುದು ಎಷ್ಟು ಕಷ್ಟವೆಂದು ಆ ಕಾಲದ ಅರಬರಿಗೆ ಚೆನ್ನಾಗಿ ಗೊತ್ತಿತ್ತು.

ಈ ಅರಿವಿಗೆ ದಿವ್ಯ ಕುರ್‌ಆನ್ ಅದಾಗಲೇ ಕಾನೂನಿನ ರೂಪ ಕೊಟ್ಟಿತ್ತು. ಅಲ್‌ಬಕರ ಅಧ್ಯಾಯದ 233ನೇ ಸೂಕ್ತವನ್ನು ನಿಧಾನವಾಗಿ ಓದಬೇಕು. ಸ್ತನ್ಯಪಾನದ ಅವಧಿಯನ್ನು ಪೂರ್ಣಗೊಳಿಸಲು ಬಯಸುವವರಿಗೆ ಪೂರ್ತಿ ಎರಡು ವರ್ಷ ಎಂದು ಅದು ನಿಗದಿಪಡಿಸುತ್ತದೆ. ಹಾಲುಣಿಸುವ ತಾಯಿಯ ಅನ್ನ ಮತ್ತು ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ತೊಂದರೆಯಾಗಬಾರದು ಎನ್ನುತ್ತದೆ. ತಂದೆ ಇಲ್ಲವಾದರೆ ಹೊಣೆ ವಾರಸುದಾರರಿಗೆ ದಾಟುತ್ತದೆ. ಎರಡು ವರ್ಷಕ್ಕೆ ಮುಂಚೆಯೇ ಹಾಲು ಬಿಡಿಸುವುದಾದರೆ ತಂದೆತಾಯಿ ಇಬ್ಬರೂ ಪರಸ್ಪರ ಒಪ್ಪಿ, ಸಮಾಲೋಚಿಸಿ ನಿರ್ಧರಿಸಬೇಕು. ಸಮಾಲೋಚನೆ ಎಂದಾಗ ನಮಗೆ ರಾಜ್ಯಾಡಳಿತದ ನೆನಪಾಗುತ್ತದೆ. ಇಲ್ಲಿ ಅದು ಕೂಸೊಂದರ ಹಾಲಿನ ವಿಷಯಕ್ಕೆ ಬಂದಿದೆ. ವಿಚ್ಛೇದನೆಯಾದ ಬಳಿಕವೂ ಹಾಲುಣಿಸುವ ತಾಯಿಗೆ ಪ್ರತಿಫಲ ಕೊಡಬೇಕೆಂದು ಅತ್ತಲಾಕ್ ಅಧ್ಯಾಯ ವಿಧಿಸುತ್ತದೆ. ಎರಡು ವರ್ಷದ ಈ ಅವಧಿ ಲುಕ್ಮಾನ್ ಅಧ್ಯಾಯದಲ್ಲೂ ಬರುತ್ತದೆ. ಅಲ್‌ಅಹ್ಕಾಫ್ ಅಧ್ಯಾಯದಲ್ಲಿ ಗರ್ಭಧಾರಣೆ ಮತ್ತು ಹಾಲು ಬಿಡಿಸುವಿಕೆ ಎರಡೂ ಸೇರಿ 30 ತಿಂಗಳು ಎಂದಿದೆ. ಇದರಲ್ಲಿ 24 ತಿಂಗಳು ಕಳೆದು, ಗರ್ಭದ ಕನಿಷ್ಠ ಅವಧಿ 6 ತಿಂಗಳು ಎಂದು ಸಹಾಬಿಗಳು ಲೆಕ್ಕಹಾಕಿದರು.

ಕರ್ಮಶಾಸ್ತ್ರ ವಿದ್ವಾಂಸರ ನಡುವೆ ಅವಧಿಯ ಕುರಿತು ಚರ್ಚೆ ನಡೆದಿದೆ. ಹಾಲಿನ ಸಂಬಂಧ ಏರ್ಪಡುವ ಗರಿಷ್ಠ ವಯಸ್ಸು 30 ತಿಂಗಳೆಂದು ಇಮಾಮ್ ಅಬೂ ಹನೀಫಾ(ರ) ಅಭಿಪ್ರಾಯಪಟ್ಟರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಎರಡು ವರ್ಷವೆಂದರು. ಇಮಾಮ್ ಶಾಫಿಈ(ರ) ಅವರ ನಿಲುವೂ ಎರಡು ವರ್ಷವೇ. ಈ ಚರ್ಚೆಯ ಹಿಂದೆ ಒಂದು ಮೂಲಭೂತ ಪ್ರಶ್ನೆಯಿದೆ: ಹಾಲು ಯಾವ ಹಂತದವರೆಗೆ ಮಗುವಿನ ಎಲುಬು ಮತ್ತು ಮಾಂಸವನ್ನು ಕಟ್ಟುತ್ತದೆ? ಆ ಹಂತದಲ್ಲಿ ಹಾಲು ಕುಡಿಸಿದವಳು ತಾಯಿಯಾಗುತ್ತಾಳೆ, ಅದರ ನಂತರ ಕುಡಿಸಿದವಳು ಆಗುವುದಿಲ್ಲ. ಶೈಶವದ ಬೆಳವಣಿಗೆ ಮುಂದಿನ ಬೆಳವಣಿಗೆಗಿಂತ ಬೇರೆ ಬಗೆಯದು ಎಂಬ ಗ್ರಹಿಕೆಯ ಮೇಲೆ ಮದುವೆಯ ನಿಷೇಧದಂತಹ ಗಂಭೀರ ವಿಧಿಯೊಂದು ನಿಂತಿದೆ.

ಅರಬರ ಪದ್ಧತಿಯೂ ಇಲ್ಲಿ ನೆನಪಾಗಬೇಕು. ಮಕ್ಕಾದ ಕುಲೀನ ಮನೆತನಗಳು ತಮ್ಮ ಕೂಸುಗಳನ್ನು ಮರಳುಗಾಡಿನ ಶುಭ್ರ ಗಾಳಿಯಲ್ಲಿ ಬೆಳೆಯಲೆಂದು ಬದೂಯಿ ಹೆಂಗಸರ ಕೈಗೆ ಒಪ್ಪಿಸುತ್ತಿದ್ದವು. ಪ್ರವಾದಿ ಮುಹಮ್ಮದ್(ಸ) ಅವರಿಗೆ ಮೊದಲು ಸುವೈಬಾ ಕೆಲದಿನ ಹಾಲುಣಿಸಿದರು. ಬಳಿಕ ಬನೂ ಸಅದ್ ಗೋತ್ರದ ಹಲೀಮಾ ಕರೆದೊಯ್ದರು. ಅದು ಬರಗಾಲದ ವರ್ಷ. ತಮ್ಮ ಸ್ವಂತ ಮಗುವಿಗೇ ಹಾಲು ಸಾಲದೆ ರಾತ್ರಿ ನಿದ್ದೆಯಿಲ್ಲದಿದ್ದ ಹಲೀಮಾ, ಆ ಅನಾಥ ಶಿಶುವನ್ನು ಮಡಿಲಿಗೆ ತೆಗೆದುಕೊಂಡ ಮೇಲೆ ಇಬ್ಬರಿಗೂ ಸಾಕಾಗುವಷ್ಟು ಹಾಲಾಯಿತೆಂದು ನೆನಪಿಸಿಕೊಂಡಿದ್ದಾರೆ. ಎರಡು ವರ್ಷ ತುಂಬಿ ಹಾಲು ಬಿಡಿಸಿದಾಗ ಮಗು ತನ್ನ ವಯಸ್ಸಿನ ಇತರರಿಗಿಂತ ಗಟ್ಟಿಮುಟ್ಟಾಗಿತ್ತು. ಮುಂದೆ ಹಿಜರಿ 8ರಲ್ಲಿ ಹುನೈನ್ ಯುದ್ಧದ ಸೆರೆಯಾಳುಗಳ ನಡುವಿನಿಂದ ಹಲೀಮಾರ ಮಗಳು ಶೈಮಾ ಎದ್ದು ಬಂದು ತಾನು ಹಾಲಿನಿಂದ ಸಹೋದರಿ ಎಂದಾಗ, ಪ್ರವಾದಿವರ್ಯರು ತಮ್ಮ ಮೇಲುಹೊದಿಕೆಯನ್ನು ನೆಲಕ್ಕೆ ಹಾಸಿ ಆಕೆಯನ್ನು ಕೂರಿಸಿದರು. ಶೈಶವದ ಹಾಲಿನ ಋಣ ಸುಮಾರು 60 ವರ್ಷಗಳ ನಂತರವೂ ಮಾಸಿರಲಿಲ್ಲ.

ಪ್ರವಾದಿವರ್ಯರು(ಸ) ಕೂಸುಗಳೊಡನೆ ನಡೆದುಕೊಂಡ ರೀತಿಯ ಬಗ್ಗೆ ಹದೀಸ್ ಗ್ರಂಥಗಳಲ್ಲಿ ಹಲವಾರು ವರದಿಗಳಿವೆ. ನಮಾಝ್ ದೀರ್ಘವಾಗಿ ನಿರ್ವಹಿಸಬೇಕೆಂದು ನಿಂತವರು ಹಿಂದಿನಿಂದ ಮಗುವಿನ ಅಳು ಕೇಳಿಸಿದೊಡನೆ ಸಂಕ್ಷಿಪ್ತಗೊಳಿಸುತ್ತಿದ್ದರು. ತಾಯಿಯ ಮನಸ್ಸಿಗಾಗುವ ತಳಮಳ ಅವರಿಗೆ ತಿಳಿದಿತ್ತು. ಮಗಳು ಝೈನಬ್(ರ) ಅವರ ಕೂಸು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದರು, ಸುಜೂದ್‌ಗೆ ಹೋಗುವಾಗ ಕೆಳಗಿಳಿಸಿ ಎದ್ದಾಗ ಮತ್ತೆ ಎತ್ತಿಕೊಂಡರು. ಉಮ್ಮು ಕೈಸ್(ರ) ಎಂಬ ಸಹಾಬಿ ಮಹಿಳೆ ಇನ್ನೂ ಅನ್ನ ತಿನ್ನದ ತಮ್ಮ ಗಂಡುಮಗುವನ್ನು ಕರೆತಂದಾಗ ಅದು ಪ್ರವಾದಿವರ್ಯರ ಉಡುಪಿನ ಮೇಲೆ ಮೂತ್ರ ಮಾಡಿತು. ಅವರು ನೀರು ತರಿಸಿ ಚಿಮುಕಿಸಿದರು, ತೊಳೆಯಲಿಲ್ಲ. ಇದರ ಆಧಾರದಲ್ಲೇ ಶಾಫಿಈ ಮದ್‌ಹಬ್‌ನಲ್ಲಿ ಹಾಲಲ್ಲದೆ ಬೇರೆ ಆಹಾರ ತಿನ್ನದ, ಎರಡು ವರ್ಷ ತುಂಬದ ಗಂಡುಮಗುವಿನ ಮೂತ್ರಕ್ಕೆ ಪ್ರತ್ಯೇಕ ವಿಧಿಯಿದೆ. ನಮ್ಮ ಕರಾವಳಿಯ ಮದ್ರಸಾಗಳಲ್ಲಿ ಮಕ್ಕಳು ಇದನ್ನು ಶುದ್ಧೀಕರಣದ ಪಾಠವಾಗಿ ಬಾಯಿಪಾಠ ಮಾಡುತ್ತಾರೆ. ಮಗು ಮೊದಲ ತುತ್ತು ತಿನ್ನುವ ದಿನವನ್ನು ಕಾನೂನು ಗಮನಿಸುತ್ತಿದೆ ಎಂಬ ಸೋಜಿಗದ ಅಂಶ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ಮುಂದಿನ ಶತಮಾನಗಳಲ್ಲಿ ವೈದ್ಯರು ಶಿಶುವಿನತ್ತ ತಿರುಗಿದರು. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ವಿವರಿಸಿ ಗ್ರಂಥ ಬರೆದ ಅಬೂ ಬಕರ್ ಅರ್‍ರಾಝಿಯವರ ಹೆಸರಿನಲ್ಲಿ ಮಕ್ಕಳ ರೋಗಗಳ ಕುರಿತ ಪುಸ್ತಿಕೆಯೊಂದಿದೆ. ಅದು ನಮಗೆ ಉಳಿದುಬಂದಿರುವುದು ಲ್ಯಾಟಿನ್ ಭಾಷೆಯಲ್ಲಿ. ಹತ್ತನೇ ಶತಮಾನದಲ್ಲಿ ಕುರ್ತುಬಾದ ಅರೀಬ್ ಬಿನ್ ಸಅದ್, ಕೈರವಾನಿನ ಇಬ್ನುಲ್ ಜಝ್ಝಾರ್, ಈಜಿಪ್ಟಿನಲ್ಲಿ ಅಲ್ ಬಲದೀ, ಈ ಮೂವರೂ ಗರ್ಭಿಣಿ ಮತ್ತು ಮಕ್ಕಳ ಆರೈಕೆಗೆಂದೇ ಸ್ವತಂತ್ರ ಗ್ರಂಥಗಳನ್ನು ರಚಿಸಿದರು.

ಇವರೆಲ್ಲರಿಗಿಂತ ಹೆಚ್ಚು ದೂರ ತಲುಪಿದ ಧ್ವನಿ ಇಬ್ನು ಸೀನಾರದು (ನಿಧನ: ಹಿಜರಿ 428, ಕ್ರಿ.ಶ. 1037). 'ಅಲ್ ಕಾನೂನ್' ಗ್ರಂಥದಲ್ಲಿ ಅವರು ನವಜಾತ ಶಿಶುವಿನ ಆರೈಕೆಗೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟರು. ಕೂಸು ಮಲಗುವ ಕೋಣೆಯ ಗಾಳಿ ಹಿತವಾಗಿರಬೇಕು, ಬೆಳಕು ಕಣ್ಣು ಕುಕ್ಕಬಾರದು. ಹಾಲುಣಿಸುವ ಸಹಜ ಅವಧಿ ಎರಡು ವರ್ಷ. ಮಗುವಿಗೆ ಶಕ್ತಿ ತುಂಬಲು ಎರಡು ಸಂಗತಿಗಳು ಬೇಕೆಂದು ಅವರು ಬರೆಯುತ್ತಾರೆ. ಒಂದು, ಮೆಲ್ಲಗೆ ತೂಗುವುದು. ಇನ್ನೊಂದು, ನಿದ್ದೆ ಬರಿಸಲು ವಾಡಿಕೆಯಾಗಿ ಹಾಡುವ ರಾಗ. ಮೊದಲನೆಯದು ದೇಹಕ್ಕೆ, ಎರಡನೆಯದು ಮನಸ್ಸಿಗೆ. ಬುಖಾರಾದಲ್ಲಿ ಬೆಳೆದ ಆ ತತ್ವಜ್ಞಾನಿ ಯಾರ ತೊಟ್ಟಿಲ ಪಕ್ಕದಲ್ಲಿ ಕುಳಿತು ಇದನ್ನು ಕಂಡರೋ ಗೊತ್ತಿಲ್ಲ. ಯಾವ ಅಜ್ಜಿಯೂ ಇದಕ್ಕೆ ಇಲ್ಲವೆನ್ನಲಾರಳು.

ಆದರೆ ಇಬ್ನು ಸೀನಾರ ಇದೇ ಅಧ್ಯಾಯದಲ್ಲಿ ತೊಡಕೊಂದಿದೆ. ಹೆರಿಗೆಯಾದ ತಕ್ಷಣ ತಾಯಿಯ ದೇಹಸ್ಥಿತಿ ಸಮತೋಲನದಲ್ಲಿರುವುದಿಲ್ಲ, ಆದ್ದರಿಂದ ಆರಂಭದಲ್ಲಿ ಬೇರೆ ಹೆಂಗಸು ಹಾಲುಣಿಸುವುದು ಮೇಲು ಎಂದು ಅವರು ಹೇಳಿದ್ದಾರೆ. ಈ ಅಭಿಪ್ರಾಯ ಅವರ ಸ್ವಂತದ್ದಲ್ಲ. ಕ್ರಿ.ಶ. ಎರಡನೇ ಶತಮಾನದ ಗ್ರೀಕ್ ವೈದ್ಯ ಸೊರಾನಸ್, ತಾಯಿಯ ಮೊದಲ ಹಾಲು ದಪ್ಪವಾಗಿದ್ದು ಜೀರ್ಣವಾಗದು ಎಂದು ಭಾವಿಸಿ, 20 ದಿನಗಳವರೆಗೂ ಬೇರೆಯವರ ಹಾಲು ಕೊಡುವುದು ಲೇಸೆಂದಿದ್ದ. ಗ್ರೀಕ್ ವೈದ್ಯಶಾಸ್ತ್ರ ಅರಬಿಗೆ ಬಂದಾಗ ಅದರ ಜ್ಞಾನದೊಂದಿಗೆ ಅದರ ತಪ್ಪುಗಳೂ ಬಂದವು. 'ಕಾನೂನ್' 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿನ ವಿದ್ಯಾಲಯಗಳನ್ನು ಸೇರಿದಾಗ ಅವು ಅಲ್ಲಿಗೂ ಮರಳಿದವು.

ಈಗ ದಮಾಸ್ಕಸ್‌ಗೆ ಬರೋಣ. ಹಂಬಲೀ ವಿದ್ವಾಂಸ ಇಬ್ನುಲ್ ಕಯ್ಯಿಮ್ ಅಲ್ ಜೌಝಿಯ್ಯಾ(ರ) (ಹಿಜರಿ 691-751) 'ತುಹ್ಫತುಲ್ ಮೌದೂದ್ ಬಿ ಅಹ್ಕಾಮಿಲ್ ಮೌಲೂದ್' ಎಂಬ ಗ್ರಂಥವನ್ನು ಬರೆದರು. ಅವರ ಮಗನಿಗೆ ಮಗು ಹುಟ್ಟಿದಾಗ ಕೈಯಲ್ಲಿ ಕಾಸಿಲ್ಲದೆ, ಉಡುಗೊರೆಯಾಗಿ ಈ ಗ್ರಂಥವನ್ನೇ ಬರೆದುಕೊಟ್ಟರೆಂಬ ಮಾತು ಗ್ರಂಥದೊಂದಿಗೆ ಸಾಗಿಬಂದಿದೆ. ಅಕೀಕಾ, ಹೆಸರಿಡುವುದು, ಮುಂಜಿ ಮುಂತಾದ ವಿಧಿಗಳ ಜೊತೆಗೆ ಅದರಲ್ಲಿ ಕೂಸನ್ನು ಬೆಳೆಸುವ ಕುರಿತ ಅಧ್ಯಾಯವೊಂದಿದೆ. ಅದನ್ನು ಓದುವಾಗ ವಿದ್ವಾಂಸನಿಗಿಂತ ಹೆಚ್ಚಾಗಿ ಮೊಮ್ಮಗುವನ್ನು ನೋಡುತ್ತ ಕುಳಿತ ಅಜ್ಜನೊಬ್ಬ ಕಾಣಿಸುತ್ತಾನೆ.

ಹುಟ್ಟಿದ ಮಕ್ಕಳು ತಾಯಿಯ ಉದರವನ್ನು ಬಿಟ್ಟು ಈಗಷ್ಟೇ ಬಂದವರು, ದೇಹ ದುರ್ಬಲ. ಆದ್ದರಿಂದ ಮೂರು ತಿಂಗಳಾಗುವವರೆಗೆ ಎತ್ತಿಕೊಂಡು ಊರು ಸುತ್ತಬಾರದು ಎನ್ನುತ್ತಾರೆ ಅವರು. ಹಲ್ಲು ಮೂಡುವ ತನಕ ಹಾಲು ಮಾತ್ರ ಸಾಕು, ಏಕೆಂದರೆ ಅಲ್ಲಿಯವರೆಗೆ ಹೊಟ್ಟೆಗೆ ಅನ್ನವನ್ನು ಅರಗಿಸುವ ಬಲವಿಲ್ಲ. ಅಲ್ಲಾಹನು ಹಲ್ಲುಗಳನ್ನು ತಡವಾಗಿ ಕೊಟ್ಟಿರುವುದರಲ್ಲಿ ತಾಯಿಯ ಮೇಲಿನ ಕರುಣೆಯೂ ಇದೆ, ಇಲ್ಲವಾದರೆ ಮಗು ಎದೆಯನ್ನು ಕಚ್ಚುತ್ತಿತ್ತು ಎಂದು ಸೇರಿಸುತ್ತಾರೆ. ಹಲ್ಲು ಬಂದ ಮೇಲೆ ಆಹಾರ ಹಂತಹಂತವಾಗಿ ಏರಬೇಕು: ಮೊದಲು ಬಿಸಿನೀರು ಮತ್ತು ಹಾಲಿನಲ್ಲಿ ನೆನೆಸಿದ ರೊಟ್ಟಿ, ಬಳಿಕ ಬೇಯಿಸಿದ ಮೆತ್ತನೆಯ ಆಹಾರ, ಕೊನೆಗೆ ಚೆನ್ನಾಗಿ ನುರಿದ ಮಾಂಸ. ಹಲ್ಲು ಮೂಡುವ ದಿನಗಳಲ್ಲಿ ಒಸಡಿಗೆ ಬೆಣ್ಣೆ ಅಥವಾ ತುಪ್ಪ ಸವರಬೇಕು. ಕರ್ಕಶ ಸದ್ದು, ಭಯಾನಕ ನೋಟಗಳಿಂದ ಮಗುವನ್ನು ಕಾಪಾಡಬೇಕು. ಹಾಲು ಬಿಡಿಸುವಾಗ ಒಮ್ಮೆಲೇ ಬಿಡಿಸದೆ ಕ್ರಮೇಣ ಬಿಡಿಸಬೇಕು, ಅದೂ ಬಿಸಿಲು ಚಳಿ ಎರಡೂ ಹದವಾಗಿರುವ ಕಾಲದಲ್ಲಿ.

ಸಮಯಕ್ಕೆ ಮುಂಚೆ ಮಗುವನ್ನು ನಡೆಯಲು ಒತ್ತಾಯಿಸಿದರೆ ಕಾಲು ಡೊಂಕಾಗುವುದೆಂದು ಅವರು ಎಚ್ಚರಿಸುತ್ತಾರೆ. ಕಾಲು ಡೊಂಕಾಗಲು ಅದೇ ಕಾರಣವಲ್ಲ ಎನ್ನುವುದು ಇಂದಿನ ತಿಳುವಳಿಕೆ. ವಿಟಮಿನ್ 'ಡಿ' ಕೊರತೆಯತ್ತ ವೈದ್ಯರು ಬೊಟ್ಟು ಮಾಡುತ್ತಾರೆ. ಆದರೂ ಆತುರ ಬೇಡವೆಂಬ ಮಾತು ನಿಂತಿದೆ. ಒಂಬತ್ತನೇ ತಿಂಗಳಿನಿಂದ ಹದಿನೆಂಟನೇ ತಿಂಗಳವರೆಗೆ ಯಾವಾಗ ಬೇಕಾದರೂ ಮೊದಲ ಹೆಜ್ಜೆ ಇಡಬಹುದು, ಅದು ಸಹಜವೇ. ಪಕ್ಕದ ಮನೆಯ ಮಗು ನಡೆಯಿತೆಂದು ನಮ್ಮ ಮಗುವನ್ನು ಚಕ್ರದ ವಾಕರಿನಲ್ಲಿ ಕೂರಿಸುವುದು ಇನ್ನೂ ನಿಂತಿಲ್ಲ. ಅದರಿಂದಾಗುವ ಅಪಘಾತಗಳನ್ನು ಕಂಡು ಕೆನಡಾ ದೇಶ 2004ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು.

ನಲವತ್ತು ದಿನ ತುಂಬಿದಾಗ ಮಗು ನಗುತ್ತದೆ, ಅದು ತನ್ನನ್ನು ತಾನು ಅರಿಯುವುದರ ಆರಂಭ ಎಂದು ಇಬ್ನುಲ್ ಕಯ್ಯಿಮ್ ಬರೆದಿದ್ದಾರೆ. ಎರಡು ತಿಂಗಳು ತುಂಬಿದಾಗ ಕನಸು ಕಾಣತೊಡಗುತ್ತದೆ ಎಂದೂ ಹೇಳುತ್ತಾರೆ. ಕನಸಿನ ಮಾತನ್ನು ಪರೀಕ್ಷಿಸುವ ಬಗೆ ಯಾರಿಗೂ ತಿಳಿಯದು, ಅದನ್ನು ಬಿಡೋಣ. ನಗುವಿನ ಮಾತು ಮಾತ್ರ ಬೆರಗು ಹುಟ್ಟಿಸುತ್ತದೆ. ನಿದ್ದೆಯಲ್ಲಿ ತುಟಿಯಂಚಿನಲ್ಲಿ ಸುಳಿಯುವ ನಗು ಮೊದಲ ದಿನಗಳಲ್ಲೇ ಇರುತ್ತದೆ. ಎದುರಿಗಿನ ಮುಖವನ್ನು ನೋಡಿ, ಗುರುತಿಸಿ, ಉತ್ತರವಾಗಿ ಬರುವ ನಗು ಸಾಮಾನ್ಯವಾಗಿ ಆರರಿಂದ ಎಂಟನೇ ವಾರದ ನಡುವೆ ಕಾಣಿಸಿಕೊಳ್ಳುತ್ತದೆ ಎಂದು ಇಂದಿನ ಮಕ್ಕಳ ತಜ್ಞರು ಬರೆಯುತ್ತಾರೆ. ನಲವತ್ತು ದಿನವೆಂದರೆ ಆರು ವಾರಕ್ಕೆ ಎರಡೇ ದಿನ ಕಡಿಮೆ. ನಮ್ಮ ಮನೆಗಳಲ್ಲಿ ಬಾಣಂತಿ ನಲವತ್ತರ ಸ್ನಾನ ಮುಗಿಸಿ ಹೊರಬರುವ ಹೊತ್ತಿಗೆ ಕೂಸು ಆಕೆಯ ಮುಖ ನೋಡಿ ನಗಲಾರಂಭಿಸುವುದು ಎಲ್ಲ ಹೆಂಗಸರಿಗೂ ಗೊತ್ತಿರುವ ಸಂಗತಿಯೇ.

ಆ ಮಗುವಿನೊಳಗೆ ಅದೇ ವೇಳೆ ನಡೆಯುತ್ತಿರುವುದನ್ನು ಅಳೆದು ಹೇಳುವ ಸಾಧನಗಳು ನಮಗೆ ತೀರಾ ಇತ್ತೀಚೆಗೆ ದೊರೆತಿವೆ. ಆರೋಗ್ಯವಂತ ಶಿಶುವಿನ ತೂಕ ಸುಮಾರು ಐದು ತಿಂಗಳಲ್ಲಿ ಹುಟ್ಟಿದಾಗಿನ ಎರಡು ಪಟ್ಟಾಗುತ್ತದೆ, ಒಂದು ವರ್ಷಕ್ಕೆ ಮೂರು ಪಟ್ಟು. ಬದುಕಿನಲ್ಲಿ ಮತ್ತೆಂದೂ ಮನುಷ್ಯ ಆ ವೇಗದಲ್ಲಿ ಬೆಳೆಯುವುದಿಲ್ಲ. ಹುಟ್ಟಿದಾಗ ಮಿದುಳು ವಯಸ್ಕನ ಮಿದುಳಿನ ಸುಮಾರು ಕಾಲು ಭಾಗದಷ್ಟಿದ್ದರೆ ಎರಡು ವರ್ಷ ತುಂಬುವಾಗ ಮುಕ್ಕಾಲು ಭಾಗವನ್ನು ತಲುಪಿರುತ್ತದೆ. ತಾಯಿಯ ಗರ್ಭದಿಂದ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಸುಮಾರಿಗೆ ಮುಗಿಯುತ್ತ ಬರುತ್ತದೆ. ಮೊದಲ ಹಲ್ಲುಗಳು ಕಾಣಿಸಿಕೊಳ್ಳುವುದೂ ಹೆಚ್ಚುಕಡಿಮೆ ಆಗಲೇ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ಬಳಿಕ ಪೂರಕ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತಿದೆ.

ಇಷ್ಟೊಂದು ಸೂಕ್ಷ್ಮವಾಗಿ ಕೂಸನ್ನು ಗಮನಿಸಿದ ಇಬ್ನುಲ್ ಕಯ್ಯಿಮ್ ಕೂಡ ಮೊದಲ ಹಾಲಿನ ವಿಷಯದಲ್ಲಿ ವೈದ್ಯರ ಮಾತನ್ನೇ ಒಪ್ಪಿಕೊಂಡರು. ಹೆತ್ತ ತಾಯಿಯ ಹಾಲು ಎರಡು ಮೂರು ದಿನ ಮಂದವಾಗಿರುತ್ತದೆ, ಕಲ್ಮಶ ಬೆರೆತಿರುತ್ತದೆ, ಆ ದಿನಗಳಲ್ಲಿ ಬೇರೆಯವರ ಹಾಲು ಉತ್ತಮ ಎಂದು ಬರೆದರು. ಅವರ ಗ್ರಂಥದ ಮೇಲಿನ ಗೌರವಕ್ಕೆ ಇದನ್ನು ಮುಚ್ಚಿಡಬೇಕಾಗಿಲ್ಲ. ಅದು ವಹೀ ಅಲ್ಲ, ಕರ್ಮಶಾಸ್ತ್ರದ ವಿಧಿಯೂ ಅಲ್ಲ, ಅಂದಿನ ವೈದ್ಯಕೀಯ ಜ್ಞಾನ.

ಆದರೆ ಇದೇ ಪ್ರಶ್ನೆಗೆ ದಮಾಸ್ಕಸ್‌ನಲ್ಲೇ, ಅವರಿಗಿಂತ ಮುಂಚಿನ ತಲೆಮಾರಿನಲ್ಲಿ, ಬೇರೊಂದು ಉತ್ತರ ದಾಖಲಾಗಿತ್ತು. ಇಮಾಮ್ ನವವಿ(ರ) (ಹಿಜರಿ 631-676) ಅವರ 'ಮಿನ್‌ಹಾಜುತ್ತಾಲಿಬೀನ್' ಶಾಫಿಈ ಮದ್‌ಹಬ್‌ನ ಆಧಾರಗ್ರಂಥ. ಜೀವನಾಂಶದ ಅಧ್ಯಾಯದಲ್ಲಿ ಅವರು ಚುಟುಕಾಗಿ ಒಂದು ವಿಧಿಯನ್ನು ಬರೆಯುತ್ತಾರೆ: ತಾಯಿ ತನ್ನ ಮಗುವಿಗೆ 'ಲಿಬಅ್' ಉಣಿಸುವುದು ಕಡ್ಡಾಯ. ಲಿಬಅ್ ಎಂದರೆ ಹೆರಿಗೆಯ ಬಳಿಕ ಮೊದಲಿಗೆ ಸುರಿಯುವ ಹಾಲು. ನಾವು ಹಸು ಎಮ್ಮೆಗಳ ವಿಷಯದಲ್ಲಿ ಗಿಣ್ಣು ಎನ್ನುತ್ತೇವಲ್ಲ, ಅದೇ. ಆ ಬಳಿಕದ ಹಾಲಿನ ವಿಷಯದಲ್ಲಿ ಅವರು ತಾಯಿಗೆ ಸಡಿಲಿಕೆ ಕೊಡುತ್ತಾರೆ. ಬೇರೆ ಹೆಂಗಸು ಸಿಗುವುದಾದರೆ ತಾಯಿಯನ್ನು ಬಲವಂತಪಡಿಸುವಂತಿಲ್ಲ. ಮೊದಲ ಹಾಲಿಗೆ ಮಾತ್ರ ಆ ಸಡಿಲಿಕೆಯಿಲ್ಲ. ಅದಿಲ್ಲದೆ ಮಗು ಸಾಮಾನ್ಯವಾಗಿ ಬದುಕುವುದಿಲ್ಲ ಎಂಬುದು ಶಾಫಿಈ ವಿದ್ವಾಂಸರು ಕೊಡುವ ಕಾರಣ. ಆದರೆ ಅದನ್ನು ಕುಡಿಯದೆಯೂ ಬದುಕಿದ ಮಕ್ಕಳನ್ನು ನಾವು ಕಾಣುತ್ತೇವಲ್ಲ ಎಂಬ ಆಕ್ಷೇಪವನ್ನು ವ್ಯಾಖ್ಯಾನಕಾರರು ತಾವೇ ಎತ್ತುತ್ತಾರೆ. ಹಾಗಾದರೆ ಅದಿಲ್ಲದೆ ಮಗುವಿನ ಮೈಕಟ್ಟು ಬಲಗೊಳ್ಳುವುದಿಲ್ಲ ಎಂದು ಅರ್ಥಮಾಡಿಕೊಳ್ಳಬೇಕೆಂದು ಮಾತನ್ನು ತಿದ್ದುತ್ತಾರೆ. ಅವರ ಕೈಯಲ್ಲಿ ಸೂಕ್ಷ್ಮದರ್ಶಕವಿರಲಿಲ್ಲ. ಕಣ್ಣೆದುರಿನ ಕೂಸುಗಳಿದ್ದವು, ಆಡು ಒಂಟೆಗಳ ಮರಿಗಳಿದ್ದವು.

ಈ ವಿಧಿ ಸಮುದ್ರ ದಾಟಿ ನಮ್ಮ ಕರಾವಳಿಗೂ ಬಂತು. 16ನೇ ಶತಮಾನದಲ್ಲಿ ಮಲಬಾರಿನ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್(ರ) ರಚಿಸಿದ 'ಫತ್‌ಹುಲ್ ಮುಈನ್' ಗ್ರಂಥದಲ್ಲಿ ಅದು ಸ್ಪಷ್ಟವಾಗಿದೆ. ತಾಯಿ ಲಿಬಅ್ ಉಣಿಸುವುದು ವಾಜಿಬ್, ಅದು ಹೆರಿಗೆಯ ಆರಂಭದ ಹಾಲು, ಅವಧಿ ಅಲ್ಪ; ಮೂರು ದಿನವೆಂದೂ ಏಳು ದಿನವೆಂದೂ ಅಭಿಪ್ರಾಯಗಳಿವೆ ಎಂದು ಅವರು ವಿವರಿಸುತ್ತಾರೆ. ಕೇರಳದಲ್ಲೂ ದಕ್ಷಿಣ ಕನ್ನಡದ ಪಳ್ಳಿ ದರ್ಸ್‌ಗಳಲ್ಲೂ ಈ ಗ್ರಂಥವನ್ನು ಓದದೆ ಯಾರೂ ಮುಸ್ಲಿಯಾರ್ ಆಗುವುದಿಲ್ಲ.

ಹೀಗಿದ್ದೂ ನಮ್ಮ ಮನೆಗಳಲ್ಲಿ ನಡೆದುದೇನು? ಹೆರಿಗೆಯಾದ ಮೊದಲ ದಿನಗಳ ಹಳದಿ ಬಣ್ಣದ ಮಂದ ಹಾಲು ಕೊಳಕು, ಹಳಸಿದ್ದು, ಕೂಸಿಗೆ ಒಗ್ಗದು ಎಂದು ಹಿಂಡಿ ಚೆಲ್ಲುವ ರೂಢಿ ಭಾರತದ ಹಲವು ಕಡೆಗಳಲ್ಲಿ, ಎಲ್ಲ ಧರ್ಮದವರಲ್ಲಿ ಇತ್ತು. ಅದರ ಬದಲಿಗೆ ಸಕ್ಕರೆ ನೀರು, ಜೇನು, ಆಡಿನ ಹಾಲು. ಮುಸ್ಲಿಮರ ಮನೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಹಸುವಿನ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಹಂಚಿ ತಿನ್ನುವ ಮನೆಯಲ್ಲೇ ಮಗುವಿನ ಪಾಲಿನದು ಬಚ್ಚಲಿಗೆ ಹೋಗುತ್ತಿತ್ತು. ಪಳ್ಳಿಯ ದರ್ಸ್‌ನಲ್ಲಿ ಅದು ಕಡ್ಡಾಯವೆಂದು ಓದಿದ ವಿದ್ಯಾರ್ಥಿ ಮನೆಗೆ ಬಂದಾಗ ಬಾಣಂತಿ ಕೋಣೆಯ ಬಾಗಿಲು ಅವನಿಗೆ ಮುಚ್ಚಿರುತ್ತಿತ್ತು. ಒಳಗಿದ್ದ ಸೂಲಗಿತ್ತಿಗೂ ಅಜ್ಜಿಗೂ ಆ ಕಿತಾಬಿನ ಪುಟವನ್ನು ಯಾರೂ ಓದಿ ಹೇಳಿರಲಿಲ್ಲ. ಇದನ್ನು ಅಜ್ಜಿಯಂದಿರ ತಪ್ಪೆಂದು ಹೇಳುವುದು ಅನ್ಯಾಯ. ಜಾರಿಹೋದದ್ದು ಓದಿದವರ ಹೊಣೆ.

ಆ ಹಳದಿ ಹಾಲಿನಲ್ಲಿ ಏನಿದೆ ಎಂದು ಇಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುತ್ತಿದ್ದಾರೆ. ಸೋಂಕುಗಳನ್ನು ತಡೆಯುವ ಪ್ರತಿಕಾಯಗಳು, ವಿಟಮಿನ್ 'ಎ', ಸಮೃದ್ಧ ಪ್ರೋಟೀನ್. ಕೂಸಿನ ಮೊದಲ ಕಪ್ಪು ಮಲ ಹೊರಹೋಗಲು ಅದು ನೆರವಾಗುತ್ತದೆ. ಮೊದಲ ದಿನ ಒಂದೊಂದು ಸಲಕ್ಕೆ ಕೆಲವೇ ಚಮಚ ಬರುತ್ತದೆ, ನವಜಾತ ಶಿಶುವಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಹಾಲೇ ಇಳಿದಿಲ್ಲವೆಂದು ತಾಯಿ ಗಾಬರಿಗೊಳ್ಳುವುದು ಈ ಅಲ್ಪ ಪ್ರಮಾಣವನ್ನು ಕಂಡೇ. ಯುರೋಪಿನ ವೈದ್ಯರು ಮೊದಲ ಹಾಲಿನ ಪರವಾಗಿ ಗಟ್ಟಿಯಾಗಿ ಮಾತನಾಡಲಾರಂಭಿಸಿದ್ದು 18ನೇ ಶತಮಾನದಲ್ಲಿ. ಲಂಡನ್ನಿನ ವಿಲಿಯಂ ಕ್ಯಾಡೋಗನ್ ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1748ರಲ್ಲಿ.

ಜೇನಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹುಟ್ಟಿದ ಮಗುವಿಗೆ ತಹ್ನೀಕ್ ಮಾಡುವುದು ಸುನ್ನತ್. ಅಸ್ಮಾ ಬಿಂತ್ ಅಬೂ ಬಕರ್(ರ) ತಮ್ಮ ಮಗು ಅಬ್ದುಲ್ಲಾ ಬಿನ್ ಝುಬೈರ್‌ರನ್ನು ತಂದೊಪ್ಪಿಸಿದಾಗ ಪ್ರವಾದಿವರ್ಯರು(ಸ) ಖರ್ಜೂರವನ್ನು ಜಗಿದು ಅದರ ಬಾಯಿಗೆ ಸವರಿದರು. ಖರ್ಜೂರ ಇಲ್ಲದಿದ್ದರೆ ಜೇನು ಆಗಬಹುದೆಂದದ್ದು ನಂತರದ ವಿದ್ವಾಂಸರು. ಒಂದು ವರ್ಷ ತುಂಬದ ಮಕ್ಕಳಿಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ವಿಷ ಉತ್ಪಾದಿಸಬಲ್ಲದು ಎಂದು ವೈದ್ಯರು ಈಗ ಎಚ್ಚರಿಸುತ್ತಾರೆ. ಖರ್ಜೂರ ನಮ್ಮ ಎಲ್ಲ ಅಂಗಡಿಗಳಲ್ಲಿ ಸಿಗುತ್ತಿರುವಾಗ ಆ ಬದಲಿ ವ್ಯವಸ್ಥೆಯ ಅಗತ್ಯವೇ ಉಳಿದಿಲ್ಲ.

ಮದೀನಾದ ಆ ರಾತ್ರಿ ಉಮರ್(ರ) ಜೊತೆ ಕಾವಲಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್(ರ), ಅದಕ್ಕೆ ಹಲವು ವರ್ಷಗಳ ಮುಂಚೆ ಅದೇ ನಗರದ ಒಂದು ಬಡ ಮನೆಗೆ ಹೋಗಿದ್ದರು. ಅದು ಕಮ್ಮಾರ ಅಬೂ ಸೈಫ್‌ರ ಮನೆ. ಪ್ರವಾದಿವರ್ಯರ(ಸ) ಮತ್ತು ಮಾರಿಯಾ(ರ) ಅವರ ಮಗು ಇಬ್ರಾಹೀಮ್‌ಗೆ ಕಮ್ಮಾರನ ಪತ್ನಿ ಉಮ್ಮು ಸೈಫ್ ಹಾಲುಣಿಸುತ್ತಿದ್ದರು. ಕುಲುಮೆಯ ಹೊಗೆ ತುಂಬಿದ ಆ ಮನೆಗೆ ಪ್ರವಾದಿವರ್ಯರು ಆಗಾಗ ನಡೆದು ಹೋಗಿ, ಮಗುವನ್ನು ಎತ್ತಿ ಮುತ್ತಿಟ್ಟು ಬರುತ್ತಿದ್ದರು. ಹಿಜರಿ 10ರಲ್ಲಿ ಮಗು ಕೊನೆಯುಸಿರೆಳೆಯುತ್ತಿದ್ದಾಗ ಅವರ ಕಣ್ಣಿಂದ ನೀರಿಳಿಯಿತು. ತಾವೂ ಅಳುತ್ತೀರಾ ಎಂದು ಅಬ್ದುರ್ರಹ್ಮಾನ್(ರ) ಅಚ್ಚರಿಯಿಂದ ಕೇಳಿದರು. ಇದು ಕರುಣೆ ಎಂದು ಪ್ರವಾದಿವರ್ಯರು ಉತ್ತರಿಸಿದರು.

ಆ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕಾಗಿ ಸೂರ್ಯ ಕಪ್ಪಾದನೆಂದು ಜನ ಮಾತನಾಡಿಕೊಂಡಾಗ, ಯಾರ ಸಾವಿಗೂ ಬದುಕಿಗೂ ಗ್ರಹಣವಾಗುವುದಿಲ್ಲವೆಂದು ಅವರು ತಿದ್ದಿದರು. ಮಗುವಿಗೆ ಆಗ ಹದಿನಾರು ಹದಿನೇಳು ತಿಂಗಳು, ಎರಡು ವರ್ಷಕ್ಕೆ ಇನ್ನೂ ಕೆಲವು ತಿಂಗಳು ಬಾಕಿಯಿತ್ತು. ಇಬ್ರಾಹೀಮ್‌ಗೆ ಸ್ವರ್ಗದಲ್ಲಿ ಹಾಲುಣಿಸುವವರಿದ್ದಾರೆ, ಅವನ ಉಳಿದ ಅವಧಿಯನ್ನು ಅವರು ಪೂರ್ಣಗೊಳಿಸುವರು ಎಂದು ಪ್ರವಾದಿವರ್ಯರು(ಸ) ಹೇಳಿದುದಾಗಿ ಹದೀಸ್‌ಗಳಲ್ಲಿದೆ.